ಹಿತ್ತಲಲ್ಲಿ ಬಟಾಣಿ: ಯಾವಾಗ ಬಿತ್ತಬೇಕು, ಯಾವ ಬೀಜ ತರಬೇಕು?

ಹಿತ್ತಲಗಿಡ (ತುಮಕೂರು), ಅಕ್ಟೋಬರ್ 6

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಹತ್ತಡಿಗೆ ಹತ್ತಡಿ ಜಾಗ ಇದೆ. ಮಳೆಗಾಲದಲ್ಲಿ ಬೆಂಡೆ ಹಾಕಿದ್ದೆವು, ಅದು ಮುಗಿಯಿತು. ಈಗ ಅಲ್ಲಿ ಬಟಾಣಿ ಹಾಕಬೇಕು ಅಂತ ಮನೆಯವರಿಗೆಲ್ಲ ಆಸೆ. ಪಕ್ಕದ ಮನೆಯವರು ಮಾತ್ರ "ಬಟಾಣಿ ಊಟಿ ಕಡೆಯ ಬೆಳೆ, ಇಲ್ಲಿ ಬರೀ ಬಳ್ಳಿ ಬರುತ್ತೆ, ಕಾಯಿ ಕಚ್ಚಲ್ಲ" ಅನ್ನುತ್ತಾರೆ. ನಿಜವಾ?

ಇನ್ನೊಂದು ವಿಷಯ. ದಿನಸಿ ಅಂಗಡಿಯಲ್ಲಿ ಸಿಗುವ ಒಣ ಬಟಾಣಿಯನ್ನೇ ಬಿತ್ತಬಹುದಾ, ಇಲ್ಲ ಬೀಜದಂಗಡಿಯಿಂದಲೇ ತರಬೇಕಾ? ಇಷ್ಟು ಜಾಗಕ್ಕೆ ಎಷ್ಟು ಬೀಜ ಬೇಕು, ಎಷ್ಟು ಕಾಯಿ ಬರಬಹುದು? ಜಾಗಕ್ಕೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲು ಬೀಳುತ್ತದೆ. ಬೆಳೆದವರು ದಯವಿಟ್ಟು ಹೇಳಿ.

ಕೆಮ್ಮಣ್ಣು (ಮಾಲೂರು), ಅಕ್ಟೋಬರ್ 6

ಊಟಿಯಲ್ಲಿ ಮಾತ್ರ ಅನ್ನೋದು ಸರಿಯಲ್ಲ. ನಾವು ಮಾಲೂರು ಕಡೆ ಮಾರಾಟಕ್ಕೇ ಬೆಳೆಯುತ್ತೇವೆ. ತುಮಕೂರಿನಲ್ಲಿ ಖಂಡಿತ ಬರುತ್ತದೆ. ಆದರೆ ಪಕ್ಕದವರು ಹೇಳಿದ ತೊಂದರೆ ಸುಳ್ಳಲ್ಲ. ಬೇರೆ ಕಾಲದಲ್ಲಿ ಹಾಕಿದರೆ ಹಾಗೆಯೇ ಆಗುತ್ತದೆ.

ಬಟಾಣಿಗೆ ಬೇಕಾಗಿರುವುದು ತಂಪು. ಹಗಲು 20ರಿಂದ 25 ಡಿಗ್ರಿ, ರಾತ್ರಿ 10ರಿಂದ 15 ಇದ್ದರೆ ಗಿಡಕ್ಕೆ ಹಬ್ಬ. 30 ದಾಟಿತು ಅಂದರೆ ಹೂವು ಉದುರುತ್ತದೆ, ಕಚ್ಚಿದ ಕಾಯಿಯಲ್ಲೂ ಕಾಳು ತುಂಬುವುದಿಲ್ಲ. ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಡಿಸೆಂಬರ್, ಜನವರಿಯಲ್ಲಿ ಮಾತ್ರ ಇದಕ್ಕೆ ಹತ್ತಿರದ ಹವೆ ಇರುತ್ತದೆ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಬೇಗ ಬರುವ ತಳಿ ಬಿತ್ತಿದ 35–40 ದಿನಕ್ಕೆ ಹೂ ಬಿಡುತ್ತದೆ. ಹೂವಾದ ಮೇಲೆ ಕಾಳು ತುಂಬಲು ಮೂರು ವಾರ ಬೇಕು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟುಹೋಗುತ್ತದೆ ಅಂತಾರಲ್ಲ, ಅಷ್ಟರೊಳಗೆ ನಿಮ್ಮ ಕೊಯ್ಲು ಮುಗಿದಿರಬೇಕು.

ಹಾಗಂತ ಇವತ್ತೇ ಬಿತ್ತಬೇಡಿ. ಅಕ್ಟೋಬರ್ ಮೊದಲ ವಾರದಲ್ಲಿ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಹಿಂಗಾರು ಮಳೆಯೂ ಹಿಡಿದುಕೊಂಡಿರುತ್ತದೆ. ಬೆಚ್ಚಗಿನ ಒದ್ದೆ ಮಣ್ಣಲ್ಲಿ ಬಟಾಣಿ ಬೀಜ ಕೊಳೆಯುತ್ತದೆ. ಮೊಳೆತರೂ ಸೊರಗು ರೋಗ ಹಿಡಿಯುತ್ತದೆ. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮಧ್ಯದವರೆಗೆ ಒಳ್ಳೆ ಸಮಯ. ಜಾಗ ಮೂರು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗದಂತೆ ಬಿತ್ತಿ. ಆಗ ಕಾಯಿ ಒಟ್ಟಿಗೇ ಬಂದು ಮುಗಿದುಹೋಗುವುದಿಲ್ಲ.

ಸೊಗಡು (ದೇವನಹಳ್ಳಿ), ಅಕ್ಟೋಬರ್ 7

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದೇ ಚಳಿಗಾಲದಲ್ಲಿ ನಮಗೆ ಅವರೆಕಾಯಿ ಇರುತ್ತದೆ. ಗಿಡ ಗಟ್ಟಿ, ನಮ್ಮ ಮಣ್ಣಿಗೆ ಹೊಂದಿಕೊಂಡ ಬೆಳೆ. ಹಿತಕಿದ ಅವರೆ ಬಿಟ್ಟು ಬಟಾಣಿಗೆ ಯಾಕೆ ಇಷ್ಟು ಕಷ್ಟ?

ಕೆಮ್ಮಣ್ಣು (ಮಾಲೂರು), ಅಕ್ಟೋಬರ್ 7

ಅಣ್ಣ, ಅವರೆಗೆ ಸಮ ಯಾವುದೂ ಇಲ್ಲ, ಒಪ್ಪಿದೆ. ಆದರೆ ನಮ್ಮ ನಾಟಿ ಅವರೆಯನ್ನು ಮುಂಗಾರಿನಲ್ಲೇ ಹಾಕಿರಬೇಕು. ಹಗಲು ಚಿಕ್ಕದಾದ ಮೇಲೆಯೇ ಅದು ಹೂವಿಗೆ ಬರುವುದು. ಈಗ ಹಾಕಿದರೆ ಗಿಡ ಬೆಳೆಯುವುದಕ್ಕೆ ಮೊದಲೇ ಹೂ ಬಿಡುತ್ತದೆ, ನಾಲ್ಕು ಕಾಯಿ ಬಿಟ್ಟು ನಿಲ್ಲುತ್ತದೆ. ಅಕ್ಟೋಬರಿನಲ್ಲಿ ಖಾಲಿ ಆದ ಜಾಗಕ್ಕೆ ಬಟಾಣಿಯೇ ಸರಿ. ಅವರೆಯನ್ನು ಈ ಸಲ ಕೊಂಡು ತಿನ್ನಲಿ. ಡಿಸೆಂಬರಿನಲ್ಲಿ ಬೀದಿ ಬೀದಿಯಲ್ಲಿ ರಾಶಿ ಬೀಳುತ್ತದೆ.

ಗುಂಡುಕಾಳು ಮೇಷ್ಟ್ರು (ಮೈಸೂರು), ಅಕ್ಟೋಬರ್ 7

ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ದಿನಸಿ ಅಂಗಡಿ ಬಟಾಣಿಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಅದನ್ನು ಬಿತ್ತಿದರೆ ಮೊಳಕೆ ಬರುತ್ತದೆ, ಗಿಡವೂ ಬರುತ್ತದೆ. ಆದರೆ ಅದು ಒಣಕಾಳಿಗೆಂದೇ ಬೆಳೆಯುವ ಜಾತಿ. ಹಸಿ ಕಾಯಿ ಕಿತ್ತು ತಿಂದರೆ ಸಿಹಿ ಕಡಿಮೆ, ಹಿಟ್ಟು ಹಿಟ್ಟಾಗಿರುತ್ತದೆ. ತರಕಾರಿ ಬಟಾಣಿಯ ಒಣಬೀಜ ನೋಡಿ, ಮೈಯೆಲ್ಲ ಸುಕ್ಕು. ದಿನಸಿ ಬಟಾಣಿ ಗುಂಡಗೆ ನುಣುಪಾಗಿರುತ್ತದೆ. ಮೆಂಡೆಲ್ ಬ್ರನೋ ಊರಿನ ಮಠದ ತೋಟದಲ್ಲಿ 1856ರಿಂದ ಎಂಟು ವರ್ಷ ಬಟಾಣಿ ಬೆಳೆದು ನೋಡಿದಾಗ ಆರಿಸಿಕೊಂಡ ಗುಣಗಳಲ್ಲಿ ಇದೂ ಒಂದು. ಗುಂಡುಕಾಳಾ, ಸುಕ್ಕುಕಾಳಾ ಅನ್ನುವುದು. ಸುಕ್ಕು ಯಾಕೆ ಬರುತ್ತದೆ ಅಂತ 1990ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ನೆಸ್ ಸಂಸ್ಥೆಯವರು ಕಂಡುಹಿಡಿದರು. ಸಕ್ಕರೆಯನ್ನು ಪಿಷ್ಟ ಮಾಡುವ ಒಂದು ಕಿಣ್ವ ಈ ಕಾಳಿನಲ್ಲಿ ಕೆಟ್ಟಿರುತ್ತದೆ. ಹಾಗಾಗಿ ಕಾಳಿನಲ್ಲಿ ಸಕ್ಕರೆ ಹೆಚ್ಚು ಉಳಿಯುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ನೀರೂ ಜಾಸ್ತಿ ಹಿಡಿಯುತ್ತದೆ, ಒಣಗಿದಾಗ ಮೈ ಕುಗ್ಗಿ ಸುಕ್ಕಾಗುತ್ತದೆ. ಬೀಜ ಕೊಳ್ಳುವಾಗ ಸುಕ್ಕು ಇದೆಯಾ ನೋಡಿಕೊಂಡು ತನ್ನಿ, ಸಿಹಿಯ ಗುರುತು ಅದೇ.

ಚಿಗುರು ಸೊಪ್ಪಿಗೆ ಮಾತ್ರ ದಿನಸಿ ಬಟಾಣಿ ಚೆನ್ನಾಗಿದೆ. ಒಂದು ಅಗಲದ ತಟ್ಟೆಯಲ್ಲಿ ಒತ್ತಾಗಿ ಬಿತ್ತಿ, ಗೇಣುದ್ದ ಬಂದ ಮೇಲೆ ಕುಡಿ ಚಿವುಟಿ ಪಲ್ಯ ಮಾಡಬಹುದು.

ಹಿತ್ತಲಗಿಡ (ತುಮಕೂರು), ಅಕ್ಟೋಬರ್ 7

ಮೇಷ್ಟ್ರೇ, ತುಂಬಾ ಧನ್ಯವಾದ. ಸುಕ್ಕಿನ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಯಾವ ತಳಿ ತರಲಿ? ಅಂಗಡಿಯಲ್ಲಿ ಅರ್ಕೆಲ್ ಅಂತ ಒಂದು ಇದೆ. ಬೀಜದ ಮೇಲೆ ಗುಲಾಬಿ ಬಣ್ಣದ ಪುಡಿ ಹಚ್ಚಿದ್ದಾರೆ.

ತಾರಸಿತೋಟ (ಬೆಂಗಳೂರು), ಅಕ್ಟೋಬರ್ 8

ಆ ಬಣ್ಣದ ಪುಡಿ ಶಿಲೀಂಧ್ರದ ಔಷಧಿ. ಬಿತ್ತಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಗೆ ಆ ಬೀಜ ಕೊಡಬೇಡಿ. ಉಳಿದದ್ದನ್ನು ಅಡುಗೆಮನೆಯಲ್ಲಿ ಇಡಲೇಬೇಡಿ.

ಅರ್ಕೆಲ್ ಗಿಡ್ಡ ತಳಿ, ಒಂದೂವರೆ ಅಡಿ ಆಗುತ್ತದೆ ಅಷ್ಟೆ. 55–60 ದಿನಕ್ಕೆ ಕಾಯಿ ಬರುತ್ತದೆ, ಸಿಹಿ ಚೆನ್ನಾಗಿದೆ. ಆದರೆ ಬೂದಿ ರೋಗಕ್ಕೆ ಬೇಗ ಬಲಿಯಾಗುತ್ತದೆ. ನಾನು ಈಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ಹಾಕುತ್ತೇನೆ. ಅದು ಬೂದಿ ರೋಗ, ತುಕ್ಕು ರೋಗ ಎರಡನ್ನೂ ತಡೆಯುತ್ತದೆ. ಬೆಳೆ ಮುಗಿಯಲು 90 ದಿನ. ಕಾಯಿ ಸಮೇತ ತಿನ್ನುವುದು ಇಷ್ಟ ಇದ್ದರೆ ಅಲ್ಲೇ ಅರ್ಕಾ ಸಂಪೂರ್ಣ, ಅರ್ಕಾ ಅಪೂರ್ವ ಅಂತ ತಳಿಗಳಿವೆ. ಸಿಪ್ಪೆಯ ಒಳಗೆ ಗಟ್ಟಿ ಪೊರೆ ಇರುವುದಿಲ್ಲ, ಬೀನ್ಸ್ ಹಾಗೆ ಹೆಚ್ಚಿ ಹುರಿಯಬಹುದು. ಮನೆತೋಟಕ್ಕೆ ಇದು ಲಾಭ, ಅರ್ಧ ತೂಕ ಸಿಪ್ಪೆಗೆ ಹೋಗಲ್ಲ ಅಲ್ವಾ!

ಸಂಸ್ಥೆಯ ಬೀಜ ಮಾರಾಟ ಆನ್‌ಲೈನ್‌ನಲ್ಲೂ ಇದೆ. ಮಾಲೂರಿನ ಅಣ್ಣ ಹೇಳಿದ ಸಮಯಕ್ಕೆ ಈಗ ಆರ್ಡರ್ ಮಾಡಿದರೆ ಸರಿಹೋಗುತ್ತದೆ.

ಕೆಮ್ಮಣ್ಣು (ಮಾಲೂರು), ಅಕ್ಟೋಬರ್ 8

ಬಿಸಿಲು ತಡೆಯುವ ತಳಿಯನ್ನೂ ಅವರು ಮಾಡಿದ್ದಾರೆ. ಅರ್ಕಾ ಚೈತ್ರ, ಅರ್ಕಾ ಉತ್ತಮ್, ಅರ್ಕಾ ತಪಸ್. 35 ಡಿಗ್ರಿವರೆಗೂ ಕಾಯಿ ಕಚ್ಚುತ್ತದೆ ಅಂತ ಸಂಸ್ಥೆಯವರ ಮಾತು. ಚಳಿಗಾಲದಲ್ಲಿ ಅವಕಾಶ ತಪ್ಪಿದವರು ಇವುಗಳನ್ನು ನೋಡಬಹುದು. ಹೊಸಬರಿಗೆ ನನ್ನ ಸಲಹೆ, ಮೊದಲ ಸಲ ಚಳಿಯಲ್ಲೇ ಬೆಳೆಯಿರಿ.

ಅಲಸಂಡೆ (ಉಡುಪಿ), ಅಕ್ಟೋಬರ್ 9

ಕರಾವಳಿಯಲ್ಲಿ ಯಾರಾದರೂ ಬಟಾಣಿ ಬೆಳೆದು ಕೊಯ್ದಿದ್ದೀರಾ? ನಮ್ಮಲ್ಲಿ ಜನವರಿಯಲ್ಲೂ ಹಗಲು 32 ಮುಟ್ಟುತ್ತದೆ. ಗಿಡ ಮೊಣಕಾಲೆತ್ತರ ಬಂದು ಬುಡದಿಂದ ಹಳದಿ ಆಗಿಬಿಡುತ್ತದೆ.

ತಾರಸಿತೋಟ (ಬೆಂಗಳೂರು), ಅಕ್ಟೋಬರ್ 9

ಕರಾವಳಿಗೆ ನಾನು ಬಟಾಣಿ ಹೇಳುವುದಿಲ್ಲ. ನಿಮ್ಮ ಹೆಸರಲ್ಲೇ ಇರುವ ಅಲಸಂಡೆ ನಿಮ್ಮ ಹವೆಗೆ ಸೊಗಸಾಗಿ ಬರುತ್ತದೆ, ಅದಕ್ಕೆ ಜಾಗ ಕೊಡಿ. ಬಟಾಣಿಯ ಆಸೆ ಬಿಡಲಾಗದಿದ್ದರೆ ಡಿಸೆಂಬರ್ ಮೊದಲ ವಾರ ಚಿಗುರು ಸೊಪ್ಪಿಗೆ ಅಂತ ತಟ್ಟೆಯಲ್ಲಿ ಬಿತ್ತಿ. ಕಾಯಿ ಬೇಡ, ಸೊಪ್ಪು ಸಾಕು ಅಂದರೆ ಎರಡೇ ವಾರದ ಕೆಲಸ.

ಕಪ್ಪುಮಣ್ಣು (ಧಾರವಾಡ), ಅಕ್ಟೋಬರ್ 10

ನಮಸ್ಕಾರ್ರೀ. ನಮ್ಮದು ಎರೆಭೂಮಿ. ಇದರಲ್ಲಿ ಬಟಾಣಿ ಹಾಕುವವರು ಸಪಾಟ ನೆಲದಲ್ಲಿ ಹಾಕಬೇಡಿ. ನೀರು ನಿಂತರೆ ಎರಡು ದಿನದಾಗ ಬೇರು ಕೊಳೆಯುತ್ತದೆ. ಅರ್ಧ ಅಡಿ ಎತ್ತರದ ಬೋದು ಮಾಡಿ ಅದರ ಮೇಲೆ ಬಿತ್ತಿ. ತುಮಕೂರಿನವರ ಕೆಂಪು ಮಣ್ಣಿಗೆ ಅಷ್ಟು ತೊಂದರೆ ಇಲ್ಲ. ಆದರೂ ನೀರು ಹರಿದುಹೋಗುವ ಹಾಗೆ ಏರುಮಡಿ ಮಾಡಿದರೆ ಒಳ್ಳೆಯದು.

ಆಸರೆ ಬಗ್ಗೆ ಯಾರೂ ಹೇಳಲಿಲ್ಲ. ಗಿಡ್ಡ ತಳಿಗೂ ಆಸರೆ ಬೇಕ್ರೀ. ಇಲ್ಲ ಅಂದರೆ ನೆಲಕ್ಕೆ ಬಿದ್ದು ಕಾಯಿ ಕೊಳೆಯುತ್ತವೆ, ಬಸವನಹುಳು ತಿನ್ನುತ್ತವೆ. ಜನ ಏನು ಮಾಡುತ್ತಾರೆ ಅಂದರೆ ದಪ್ಪ ಬಿದಿರಿನ ಗಳ ನೆಡುತ್ತಾರೆ. ಬಟಾಣಿ ಅದನ್ನು ಹಿಡಿಯುವುದಿಲ್ಲ. ಬೀನ್ಸ್ ಬಳ್ಳಿ ತನ್ನ ಮೈಯನ್ನೇ ಗಳಕ್ಕೆ ಸುತ್ತುತ್ತದೆ. ಬಟಾಣಿ ಸುತ್ತುವುದು ಎಲೆಯ ತುದಿಯ ನೂಲಿನಂಥ ಕುಡಿಯಿಂದ. ಆ ಕುಡಿಗೆ ಪೆನ್ಸಿಲಿಗಿಂತ ದಪ್ಪದ್ದನ್ನು ಸುತ್ತಲು ಆಗುವುದಿಲ್ಲ. ನಮ್ಮಲ್ಲಿ ಹೋದ ವರ್ಷದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಇರುತ್ತವೆ. ರೆಂಬೆ ಸಮೇತ ಹಾಗೇ ಸಾಲಿನ ಉದ್ದಕ್ಕೂ ಚುಚ್ಚಿಬಿಡುತ್ತೇವೆ. ಗಿಡ ತಾನೇ ಹಿಡಿದುಕೊಂಡು ಏರುತ್ತದೆ. ಖರ್ಚು ಏನೂ ಇಲ್ಲ. ಬೀಜ ಬಿತ್ತಿದ ದಿನವೇ ಚುಚ್ಚಬೇಕು. ಆಮೇಲೆ ಚುಚ್ಚಿದರೆ ಬೇರಿಗೆ ಪೆಟ್ಟು.

ತಾರಸಿತೋಟ (ಬೆಂಗಳೂರು), ಅಕ್ಟೋಬರ್ 10

ಸರ್, ಈ ಕುಡಿಯ ವಿಷಯ ಎಲ್ಲರೂ ಓದಲೇಬೇಕು. ಊರಲ್ಲಿ ತೊಗರಿ ಕಡ್ಡಿ ಸಿಗದವರು ಎರಡು ಕೋಲಿನ ಮಧ್ಯೆ ಸೆಣಬಿನ ದಾರ ಅಡ್ಡಡ್ಡ ಕಟ್ಟಿ, ಗೇಣಿಗೊಂದು ಸಾಲು. ಹಿಪ್ಪುನೇರಳೆ ಕಡ್ಡಿಯೂ ಆಗುತ್ತದೆ, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಕಡ್ಡಿ ಚುಚ್ಚಿದರೆ ಅದೇ ಚಿಗುರಿಬಿಡುತ್ತದೆ.

ತಾರಸಿಯವರಿಗೆ ಇನ್ನೊಂದು ಮಾತು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಂಗಳೂರಿನಲ್ಲಿ ನಡುಮಧ್ಯಾಹ್ನವೂ ನಾಲ್ಕಡಿ ಎತ್ತರದ ದಕ್ಷಿಣ ಗೋಡೆಯ ನೆರಳು ಸುಮಾರು ಮೂರಡಿ ಒಳಗೆ ಬೀಳುತ್ತದೆ. ಬೇಸಿಗೆಯಲ್ಲಿ ಬಿಸಿಲು ಬೀಳುತ್ತಿದ್ದ ಮೂಲೆ ಚಳಿಗಾಲದಲ್ಲಿ ದಿನವಿಡೀ ನೆರಳಲ್ಲಿರುತ್ತದೆ. ಬಟಾಣಿ ಕುಂಡಗಳನ್ನು ಉತ್ತರದ ಗೋಡೆ ಹತ್ತಿರ ಇಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು.

ಕೆಮ್ಮಣ್ಣು (ಮಾಲೂರು), ಅಕ್ಟೋಬರ್ 11

ತುಮಕೂರಿನವರು ಬೀಜ, ಇಳುವರಿ ಲೆಕ್ಕ ಕೇಳಿದ್ದರು. ಹತ್ತಡಿಗೆ ಹತ್ತಡಿ ಅಂದರೆ ಒಂಬತ್ತು ಚದರ ಮೀಟರಿಗಿಂತ ಚೂರು ಜಾಸ್ತಿ. ಸಾಲಿಂದ ಸಾಲಿಗೆ ಒಂದು ಅಡಿ, ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಮೂರು ಇಂಚು. ಅರವತ್ತು, ಎಪ್ಪತ್ತು ಗ್ರಾಂ ಬೀಜ ಸಾಕು, ಮೊಳೆಯದೆ ಹೋಗುವುದಕ್ಕೆ ಸೇರಿಸಿ ನೂರು ಗ್ರಾಂ ತನ್ನಿ. ಒಳ್ಳೆ ಹೊಲದಲ್ಲಿ ಹೆಕ್ಟೇರಿಗೆ 10 ಟನ್ ಹಸಿ ಕಾಯಿ ಅನ್ನುತ್ತಾರೆ. ಅಂದರೆ ಚದರ ಮೀಟರಿಗೆ ಒಂದು ಕೆಜಿ. ನಿಮಗೆ ಎಲ್ಲಾ ಚೆನ್ನಾಗಿ ಬಂದರೆ ಎಂಟೊಂಬತ್ತು ಕೆಜಿ ಕಾಯಿ, ಬಿಡಿಸಿದರೆ ನಾಲ್ಕು ಕೆಜಿ ಕಾಳು. ಮೊದಲ ಸಲಕ್ಕೆ ಅದರ ಅರ್ಧ ಬಂದರೂ ಒಳ್ಳೆ ಬೆಳೆ ಅಂತಲೇ ತಿಳಿಯಿರಿ.

ಹಣದ ಲೆಕ್ಕಕ್ಕೆ ಬೆಳೆಯಬೇಡಿ. ಜನವರಿಯಲ್ಲಿ ಮಾರುಕಟ್ಟೆಗೆ ಬಟಾಣಿ ನುಗ್ಗುತ್ತದೆ, ಬೆಲೆ ಬೀಳುತ್ತದೆ. ಮನೆಯಲ್ಲಿ ಬೆಳೆಯುವುದು ರುಚಿಗೆ. ಕಾಯಿ ಕಿತ್ತ ಗಳಿಗೆಯಿಂದ ಅದರ ಸಕ್ಕರೆ ಹಿಟ್ಟಾಗುತ್ತಾ ಹೋಗುತ್ತದೆ. ನಾವು ಸಂಜೆ ಕಿತ್ತು ರಾತ್ರಿ ಲಾರಿಗೆ ಹಾಕಿದ ಕಾಯಿ ನಿಮ್ಮ ಅಡುಗೆಮನೆ ಸೇರುವಷ್ಟರಲ್ಲಿ ಎರಡು ದಿನ ಆಗಿರುತ್ತದೆ. ಗಿಡದ ಪಕ್ಕ ನಿಂತು ಬಿಡಿಸಿ ಬಾಯಿಗೆ ಹಾಕಿಕೊಳ್ಳುವ ಕಾಳಿನ ರುಚಿಯನ್ನು ನಾವು ರೈತರು ಎಷ್ಟೇ ಕಷ್ಟಪಟ್ಟರೂ ಪೇಟೆಗೆ ಮುಟ್ಟಿಸಲು ಆಗುವುದಿಲ್ಲ.

ಅಡಿಕೆಸೋಗೆ (ಸಾಗರ), ಅಕ್ಟೋಬರ್ 12

ನಮ್ಮ ಮಲೆನಾಡಿನ ಮಣ್ಣು ಹುಳಿ. ಬಟಾಣಿಗೆ ಹುಳಿ ಮಣ್ಣು ಆಗುವುದಿಲ್ಲ, ರಸಸಾರ 6ರಿಂದ 7.5 ಒಳಗಿದ್ದರೆ ಚೆನ್ನ. ಬಿತ್ತುವ ಒಂದು ತಿಂಗಳು ಮೊದಲೇ ಸುಣ್ಣ ಹಾಕಿ ಮಣ್ಣು ತಿರುವಿರಬೇಕು. ಒಲೆ ಬೂದಿಯೂ ಆಗುತ್ತದೆ. ಮಳೆ ಪೂರ್ತಿ ಬಿಟ್ಟ ಮೇಲೆ, ನವೆಂಬರ್ ನಡುವಿನಲ್ಲಿ ನಾವು ಹಾಕುವುದು.

ಆದರೆ ಮಲೆನಾಡಲ್ಲಿ ಬಟಾಣಿಯ ನಿಜವಾದ ಶತ್ರು ಮಂಗ. ಕಾಳು ತುಂಬಿದ ದಿನ ಅವಕ್ಕೆ ನಮಗಿಂತ ಮೊದಲು ಗೊತ್ತಾಗುತ್ತದೆ. ಸುತ್ತ ಬಲೆ ಕಟ್ಟಿದರೆ ಸಾಲದು, ಮೇಲೂ ಮುಚ್ಚಬೇಕು. ಬಾವಿಕಟ್ಟೆ ಹತ್ತಿರ ಕಬ್ಬಿಣದ ಜಾಲರಿಯ ಚೌಕ ಮಾಡಿಸಿ ಅದರೊಳಗೆ ಮಾತ್ರ ಬೆಳೆಯುತ್ತಿದ್ದೇನೆ. ತುಮಕೂರಿನ ಕಡೆ ನವಿಲಿನ ಕಾಟ ಇದೆಯಲ್ಲ, ಎಳೆ ಸಸಿಗೆ ನೀವೂ ಒಂದು ಬಲೆ ಹೊದಿಸಿ.

ಕಪ್ಪುಮಣ್ಣು (ಧಾರವಾಡ), ಅಕ್ಟೋಬರ್ 12

ಅಕ್ಕಾ, ಬೂದಿಯ ಮಾತು ಮಲೆನಾಡಿಗೆ ಸರಿ. ನಮ್ಮ ಎರೆಮಣ್ಣಿಗೆ ಬೂದಿ, ಸುಣ್ಣ ಹಾಕಬಾರದು, ಅದು ಮೊದಲೇ ಕ್ಷಾರ. ಓದುವವರು ತಮ್ಮ ಮಣ್ಣು ನೋಡಿಕೊಂಡು ಮಾಡಲಿ.

ಹಿತ್ತಲಗಿಡ (ತುಮಕೂರು), ಅಕ್ಟೋಬರ್ 20

ಅರ್ಕಾ ಅಜಿತ್ ಬೀಜ ಬಂತು. ಪಕ್ಕದಲ್ಲಿ ಎರಡು ಸಾಲು ಅರ್ಕೆಲ್ ಕೂಡ ಹಾಕೋಣ ಅಂತಿದ್ದೇವೆ, ರುಚಿ ಹೋಲಿಸಿ ನೋಡಲು. ಗೊಬ್ಬರ ಏನು ಹಾಕಲಿ? ಬೀಜವನ್ನು ರಾತ್ರಿಯೆಲ್ಲ ನೆನೆಸಬೇಕಾ?

ಗುಂಡುಕಾಳು ಮೇಷ್ಟ್ರು (ಮೈಸೂರು), ಅಕ್ಟೋಬರ್ 20

ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿದರೆ ಸಾಕು. ಅದಕ್ಕಿಂತ ಹೆಚ್ಚು ನೆನೆದರೆ ಬೀಜ ಬಿರಿದು ಕೊಳೆಯುತ್ತದೆ. ಔಷಧಿ ಹಚ್ಚಿದ ಅರ್ಕೆಲ್ ಬೀಜವನ್ನು ನೆನೆಸಬೇಡಿ, ಹಾಗೇ ಬಿತ್ತಿ. ಒಂದರಿಂದ ಒಂದೂವರೆ ಇಂಚು ಆಳ ಸಾಕು.

ಗೊಬ್ಬರದಲ್ಲಿ ಯೂರಿಯಾ ಬೇಡವೇ ಬೇಡ. ಬಟಾಣಿ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಮೇಲಿಂದ ಯೂರಿಯಾ ಕೊಟ್ಟರೆ ಗಂಟು ಕಟ್ಟುವುದು ಕಡಿಮೆಯಾಗುತ್ತದೆ, ಬರೀ ಎಲೆ ಬೆಳೆಯುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬಾಂಡಲಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಅಷ್ಟೇ.

ಒಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ನಮ್ಮ ಅವರೆ, ಅಲಸಂಡೆ, ಹೆಸರಿಗೆ ಗಂಟು ಕಟ್ಟುವ ಜೀವಾಣು ಬೇರೆ, ಬಟಾಣಿಯದು ಬೇರೆ. "ಇಲ್ಲಿ ಮೊದಲು ಅವರೆ ಇತ್ತು, ಮಣ್ಣಲ್ಲಿ ಎಲ್ಲಾ ಇದೆ" ಅಂದುಕೊಂಡರೆ ಬಟಾಣಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೊಸ ಜಾಗದಲ್ಲಿ ಬೆಳೆಯುವಾಗ ಬಟಾಣಿಯ ರೈಜೋಬಿಯಂ ಬೇಕು ಅಂತ ಹೆಸರು ಹೇಳಿಯೇ ಕೇಳಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿಚಾರಿಸಿ. ಬೆಲ್ಲದ ನೀರು ಚಿಮುಕಿಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಗುಲಾಬಿ ಪುಡಿಯ ಬೀಜಕ್ಕೆ ಇದನ್ನು ಹಚ್ಚಬೇಡಿ, ಔಷಧಿ ಆ ಜೀವಾಣುವಿಗೂ ತೊಂದರೆ ಮಾಡಬಹುದು. ತಿಂಗಳಾದ ಮೇಲೆ ಒಂದು ಗಿಡ ಮೆಲ್ಲಗೆ ಕಿತ್ತು ಬೇರಿನ ಗಂಟು ಒಡೆದು ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಹಿಮದೂರಿನವಳು (ಮಿಷಿಗನ್, ಅಮೆರಿಕ), ಅಕ್ಟೋಬರ್ 21

ಇಲ್ಲಿ ಎಲ್ಲ ತಿರುಗುಮುರುಗು. ನೀವು ಚಳಿ ಬರಲಿ ಅಂತ ಕಾಯುತ್ತೀರಿ, ನಾವು ಹಿಮ ಕರಗಲಿ ಅಂತ ಕಾಯುತ್ತೇವೆ. ಏಪ್ರಿಲ್‌ನಲ್ಲಿ ಮಣ್ಣು ಕೈಗೆ ಅಂಟದಷ್ಟು ಆರಿದ ಕೂಡಲೇ ಮೊದಲು ಬಿತ್ತುವುದೇ ಬಟಾಣಿ. ಎಳೆ ಸಸಿ ಮೇಲೆ ಮತ್ತೆ ಒಂದು ಪದರ ಹಿಮ ಬಿದ್ದರೂ ಎದ್ದು ನಿಲ್ಲುತ್ತದೆ. ಆದರೆ ಹೂವು ಹಿಮಕ್ಕೆ ತಡೆಯುವುದಿಲ್ಲ. ಜೂನ್ ಕೊನೆಯ ಸೆಕೆ ಬಂದರೆ ನಮ್ಮದೂ ಮುಗಿಯಿತು. ಸೆಕೆಗೆ ಮುಂಚೆ ಕೊಯ್ಯಬೇಕು ಅನ್ನುವುದು ತುಮಕೂರಿಗೂ ಇಲ್ಲಿಗೂ ಒಂದೇ.

ಇಲ್ಲಿ ಶುಗರ್ ಸ್ನ್ಯಾಪ್ ಅನ್ನುವ ತಳಿ ತುಂಬಾ ಜನಪ್ರಿಯ, 1979ರಲ್ಲಿ ಬಂದದ್ದು. ಕಾಯಿ ದಪ್ಪ, ಸಿಪ್ಪೆಯೂ ಸಿಹಿ. ಆರಡಿ ಏರುತ್ತದೆ, ಬೇಲಿ ಬೇಕು. ಅಮ್ಮ ಬಂದಾಗ ಅದನ್ನು ಹೆಚ್ಚಿ ತೆಂಗಿನತುರಿ ಹಾಕಿ ಪಲ್ಯ ಮಾಡಿದ್ದರು, ಬೀನ್ಸ್ ಪಲ್ಯ ಮರೆಯುವಷ್ಟು ರುಚಿ.

ಹೊಸಬರಿಗೆ ಒಂದು ಎಚ್ಚರಿಕೆ. ನರ್ಸರಿಯಲ್ಲಿ ಸ್ವೀಟ್ ಪೀ ಅಂತ ಹೂವಿನ ಬೀಜ ಮಾರುತ್ತಾರೆ. ಹೆಸರು ನೋಡಿ ಸಿಹಿ ಬಟಾಣಿ ಅಂದುಕೊಳ್ಳಬೇಡಿ. ಅದು ಬೇರೆ ಗಿಡ, ಬರೀ ಹೂವಿಗೆ. ಅದರ ಕಾಯಿ, ಕಾಳು ವಿಷ. ಮಕ್ಕಳಿರುವ ಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಹಾಕಬೇಡಿ.

ಹಿತ್ತಲಗಿಡ (ತುಮಕೂರು), ನವೆಂಬರ್ 9

ಮಳೆ ಬಿಟ್ಟ ಮೇಲೆ ಬಿತ್ತಿದೆವು. ಮೊದಲ ಭಾಗದಲ್ಲಿ ಸಸಿ ಎದ್ದಿವೆ. ಅರ್ಕಾ ಅಜಿತ್ ಬಹುತೇಕ ಎಲ್ಲಾ ಮೊಳೆತಿದೆ. ಅರ್ಕೆಲ್‌ನಲ್ಲಿ ಅರ್ಧಕ್ಕರ್ಧ ಬಂದಿಲ್ಲ. ಪೊಟ್ಟಣದ ಮೇಲೆ ನೋಡಿದರೆ ಅವಧಿ ಮುಗಿಯಲು ಇನ್ನೂ ಸಮಯ ಇದೆ. ಇದು ಬೀಜದ ತೊಂದರೆಯಾ, ಹಕ್ಕಿಗಳ ಕೆಲಸವಾ?

ಕೆಮ್ಮಣ್ಣು (ಮಾಲೂರು), ನವೆಂಬರ್ 9

ಮಣ್ಣು ಕೆದಕಿ ನೋಡಿ. ಬೀಜ ಹಾಗೇ ಇದ್ದು ಮೆತ್ತಗೆ ಕೊಳೆತಿದ್ದರೆ ಬೀಜ ಹಳೆಯದು ಅಥವಾ ನೀರು ಜಾಸ್ತಿ. ಬೀಜವೇ ಇಲ್ಲ ಅಂದರೆ ಇಲಿ, ಅಳಿಲು, ಪಾರಿವಾಳ. ಮುಂದಿನ ಭಾಗ ಬಿತ್ತುವ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಐದಾರು ದಿನದಲ್ಲಿ ಎಂಟು ಮೊಳೆತರೆ ಬೀಜ ಒಳ್ಳೆಯದು.

ನೀರು ಹೆಚ್ಚು ಹಾಕಬೇಡಿ. ಬೆರಳು ಚುಚ್ಚಿ ನೋಡಿ, ಒಂದು ಇಂಚು ಒಣಗಿದ್ದರೆ ಹಾಕಿ. ಹೂ ಬಿಡುವಾಗ ಮತ್ತು ಕಾಳು ತುಂಬುವಾಗ ಮಾತ್ರ ಮಣ್ಣು ಒಣಗಲು ಬಿಡಬಾರದು. ಸಾಲಿನ ಮಧ್ಯೆ ಒಣ ಎಲೆ ಹರಡಿದರೆ ತಂಪು ಉಳಿಯುತ್ತದೆ.

ಹಿತ್ತಲಗಿಡ (ತುಮಕೂರು), ಡಿಸೆಂಬರ್ 18

ಬಿಳಿ ಹೂವು ತುಂಬಿದೆ, ನೋಡಲು ಕಣ್ಣಿಗೆ ಹಬ್ಬ. ಎರಡು ವಿಷಯಕ್ಕೆ ಚಿಂತೆ. ಅರ್ಕೆಲ್ ಸಾಲಿನ ಕೆಳಗಿನ ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಇನ್ನೊಂದು, ಎರಡೂ ತಳಿಯ ಎಲೆಯೊಳಗೆ ಬಿಳಿ ಗೀಟು ಸುತ್ತಿ ಸುತ್ತಿ ಹೋಗಿದೆ. ಅಂದ ಹಾಗೆ, ಇಲ್ಲಿ ಜೇನುನೊಣ ಕಡಿಮೆ. ಕಾಯಿ ಕಚ್ಚುತ್ತದಾ?

ಗುಂಡುಕಾಳು ಮೇಷ್ಟ್ರು (ಮೈಸೂರು), ಡಿಸೆಂಬರ್ 18

ಜೇನುನೊಣದ ಚಿಂತೆ ಬಿಡಿ. ಬಟಾಣಿ ಹೂವು ಅರಳುವ ಮುಂಚೆಯೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿರುತ್ತದೆ. ನೀವು ಪಕ್ಕಪಕ್ಕ ಎರಡು ತಳಿ ಹಾಕಿದ್ದರೂ ಬೀಜ ಬೆರೆಯುವುದು ಅಪರೂಪ.

ಬಿಳಿ ಪುಡಿ ಬೂದಿ ರೋಗ. ಬೇರೆ ಶಿಲೀಂಧ್ರಗಳ ಹಾಗೆ ಇದಕ್ಕೆ ಎಲೆ ಒದ್ದೆಯಾಗಿ ನಿಲ್ಲಬೇಕಿಲ್ಲ. ಹಗಲು ಒಣ ಹವೆ, ರಾತ್ರಿ ತಂಪು ಇದ್ದರೆ ಸಾಕು, ಅಂದರೆ ನಮ್ಮ ಡಿಸೆಂಬರ್. ಅರ್ಕಾ ಅಜಿತ್ ಸಾಲಿಗೆ ಹೆಚ್ಚು ತೊಂದರೆ ಬರುವುದಿಲ್ಲ. ನಿಮ್ಮ ಹಿತ್ತಲಲ್ಲೇ ತಳಿಯ ವ್ಯತ್ಯಾಸ ಕಾಣಿಸುತ್ತಿದೆ ನೋಡಿ.

ತಾರಸಿತೋಟ (ಬೆಂಗಳೂರು), ಡಿಸೆಂಬರ್ 18

ಗೀಟು ಎಳೆದಿರುವುದು ರಂಗೋಲಿ ಹುಳು. ಎಲೆಯ ಎರಡು ಪದರದ ಮಧ್ಯೆ ಕೂತು ತಿನ್ನುತ್ತದೆ, ಹಾಗಾಗಿ ಮೇಲೆ ಹೊಡೆದ ಔಷಧಿ ಅದಕ್ಕೆ ಮುಟ್ಟುವುದು ಕಷ್ಟ. ಗೀಟಿನ ಕೊನೆಯಲ್ಲಿ ಹುಳು ಕಾಣುತ್ತದೆ, ಅಲ್ಲೇ ಉಗುರಲ್ಲಿ ಒತ್ತಿ. ಹೆಚ್ಚು ಬಿದ್ದ ಎಲೆ ಕಿತ್ತು ದೂರ ಹಾಕಿ. ಆಮೇಲೆ ಲೀಟರಿಗೆ 3–5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ಕುಡಿಯಲ್ಲಿ ಹೇನು ಇದ್ದರೆ ಅದಕ್ಕೂ ಆಗುತ್ತದೆ.

ಬೂದಿ ರೋಗಕ್ಕೆ ನಾನು ಹಾಲು ಬಳಸುತ್ತೇನೆ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು. ಬಿಸಿಲಿರುವಾಗ ಸಿಂಪಡಿಸಬೇಕು, ವಾರಕ್ಕೊಮ್ಮೆ. ಶುರುವಿನಲ್ಲೇ ಹಿಡಿದರೆ ಹತೋಟಿಗೆ ಬರುತ್ತದೆ.

ಕೆಮ್ಮಣ್ಣು (ಮಾಲೂರು), ಡಿಸೆಂಬರ್ 19

ಹಾಲಿನಲ್ಲಿ ನಿಲ್ಲದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಎಲೆಯ ಅಡಿಗೂ ಬೀಳಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೇಡಂ ಹೇಳಿದ ಬೇವಿನ ಎಣ್ಣೆಯನ್ನೂ ಗಂಧಕವನ್ನೂ ಒಟ್ಟಿಗೆ ಹೊಡೆಯಬೇಡಿ. ಎರಡರ ಮಧ್ಯೆ ಎರಡು ವಾರ ಅಂತರ ಬಿಡಿ, ಇಲ್ಲದಿದ್ದರೆ ಗಿಡವೇ ಸುಟ್ಟಂತಾಗುತ್ತದೆ. ಇದು ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ, ಯಾರೂ ಓದಲ್ಲ. ಸಿಂಪಡಿಸಿದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅನ್ನೋದೂ ಅಲ್ಲೇ ಇರುತ್ತದೆ.

ಅಡಿಕೆಸೋಗೆ (ಸಾಗರ), ಡಿಸೆಂಬರ್ 19

ಎರಡು ಸಾಲು ಗಿಡಕ್ಕೆ ಗಂಧಕದವರೆಗೂ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕೆಳಗಿನ ಎಲೆ ಕಿತ್ತುಹಾಕಿ, ಗಾಳಿ ಆಡುವ ಹಾಗೆ ಮಾಡಿ, ಹಾಲು ಹೊಡೆಯಿರಿ. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುವ ತರಕಾರಿ ಅದು.

ಕೆಮ್ಮಣ್ಣು (ಮಾಲೂರು), ಡಿಸೆಂಬರ್ 19

ಅಕ್ಕ ಹೇಳೋದು ಮನೆತೋಟಕ್ಕೆ ಸರಿ. ನಮ್ಮದು ಎಕರೆಗಟ್ಟಲೆ, ಅದಕ್ಕೆ ಗಂಧಕ ಹೇಳಿದೆ. ಮೊದಲು ಹಾಲು ಹೊಡೆದು ನೋಡಲಿ.

ಹಿತ್ತಲಗಿಡ (ತುಮಕೂರು), ಜನವರಿ 7

ಹಾಲು ಹೊಡೆದೆವು, ರೋಗ ಮೇಲಕ್ಕೆ ಏರುವುದು ನಿಂತಿದೆ. ಈಗ ಕಾಯಿ ಜೋತು ಬಿದ್ದಿವೆ! ಯಾವಾಗ ಕೀಳಬೇಕು ಅಂತ ಹೇಗೆ ತಿಳಿಯುವುದು? ಕೆಲವು ಉದ್ದ ಇವೆ, ಆದರೆ ಚಪ್ಪಟೆ.

ಕಪ್ಪುಮಣ್ಣು (ಧಾರವಾಡ), ಜನವರಿ 7

ಕಾಯಿ ಮೊದಲು ಉದ್ದ ಆಗುತ್ತದೆ, ಆಮೇಲೆ ತುಂಬುತ್ತದೆ. ಬೆರಳಲ್ಲಿ ಒತ್ತಿದರೆ ಕಾಳು ಗುಂಡಗೆ ಸಿಗಬೇಕು, ಸಿಪ್ಪೆ ಹಸಿರಾಗಿ ಹೊಳೆಯುತ್ತಿರಬೇಕು. ಹೊಳಪು ಹೋಗಿ ಸಿಪ್ಪೆ ಮಂಕಾಯಿತು ಅಂದರೆ ಬಲಿತುಹೋಯಿತು. ಕೆಳಗಿನ ಕಾಯಿ ಮೊದಲು ಬರುತ್ತವೆ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದು ಕೈಯಲ್ಲಿ ಕೀಳಿ, ಎಳೆದರೆ ಗಿಡವೇ ಕಿತ್ತು ಬರುತ್ತದೆ. ಎರಡು, ಮೂರು ದಿನಕ್ಕೊಮ್ಮೆ ಕೀಳಲೇಬೇಕು. ಕಾಯಿ ಗಿಡದಲ್ಲೇ ಬಲಿಯಲು ಬಿಟ್ಟರೆ ಹೊಸ ಹೂವು ಬಿಡುವುದು ನಿಲ್ಲುತ್ತದೆ.

ಹಿಮದೂರಿನವಳು (ಮಿಷಿಗನ್, ಅಮೆರಿಕ), ಜನವರಿ 8

ಕೂಡಲೇ ತಿನ್ನಲು ಆಗದಷ್ಟು ಬಂದರೆ, ಬಿಡಿಸಿದ ಕಾಳನ್ನು ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಹಾಕಿ ತೆಗೆದು ಐಸ್ ನೀರಿಗೆ ಹಾಕಿ. ಬಟ್ಟೆ ಮೇಲೆ ಆರಿಸಿ ಫ್ರೀಜರಿನಲ್ಲಿಡಿ. ಕುದಿನೀರು ತೋರಿಸದೆ ಇಟ್ಟರೆ ಫ್ರೀಜರಿನಲ್ಲೂ ರುಚಿ ಕೆಡುತ್ತದೆ.

ಹಿತ್ತಲಗಿಡ (ತುಮಕೂರು), ಜನವರಿ 24

ಕೊಯ್ಲು ಜೋರಾಗಿ ನಡೆದಿದೆ. ಅರ್ಕೆಲ್ ಕಾಳು ಬಾಯಿಗೆ ಹೆಚ್ಚು ಸಿಹಿ, ಅರ್ಕಾ ಅಜಿತ್ ಕಾಯಿ ಹೆಚ್ಚು. ಬಟಾಣಿ ಸಾಗು, ಅಕ್ಕಿರೊಟ್ಟಿ, ಅವಲಕ್ಕಿ ಎಲ್ಲದಕ್ಕೂ ಹಾಕಿದೆವು. ಪಕ್ಕದ ಮನೆಯವರಿಗೂ ಒಂದು ಬುಟ್ಟಿ ಹೋಯಿತು. ಅವರೂ ಬರುವ ವರ್ಷ ಹಾಕುತ್ತಾರಂತೆ.

ಕೊನೆಯ ಎರಡು ಪ್ರಶ್ನೆ. ಬೀಜಕ್ಕೆ ಕೆಲವು ಗಿಡ ಬಿಡಬೇಕು ಅಂತಿದ್ದೇವೆ, ಹೇಗೆ ಇಡುವುದು? ಬರುವ ವರ್ಷ ಅದೇ ಜಾಗದಲ್ಲಿ ಹಾಕಬಹುದಾ?

ಗುಂಡುಕಾಳು ಮೇಷ್ಟ್ರು (ಮೈಸೂರು), ಜನವರಿ 25

ಬೀಜಕ್ಕೆ ರೋಗ ಬಾರದ, ಕಾಯಿ ಚೆನ್ನಾಗಿ ತುಂಬಿದ ಗಿಡ ಈಗಲೇ ಆರಿಸಿ ದಾರ ಕಟ್ಟಿ. ಕೊನೆಗೆ ಉಳಿದ ಸಣಕಲು ಕಾಯಿಯನ್ನು ಬೀಜಕ್ಕೆ ಬಿಡುವ ಅಭ್ಯಾಸ ಬೇಡ. ಕಾಯಿ ಗಿಡದಲ್ಲೇ ಒಣಗಿ, ಅಲ್ಲಾಡಿಸಿದರೆ ಕಾಳು ಗಲಗಲ ಅನ್ನಬೇಕು. ಬಿಡಿಸಿ ನೆರಳಲ್ಲಿ ವಾರ ಒಣಗಿಸಿ. ಕಾಳುಹುಳು ಹೊಲದಿಂದಲೇ ಮೊಟ್ಟೆ ಇಟ್ಟುಕೊಂಡು ಬಂದಿರುತ್ತದೆ. ಹಾಗಾಗಿ ಪೂರ್ತಿ ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಡಬ್ಬಿ ಹೊರಗಿನ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ, ಇಲ್ಲದಿದ್ದರೆ ಬೀಜಕ್ಕೆ ನೀರಪಸೆ ಹಿಡಿಯುತ್ತದೆ. ಎರಡು, ಮೂರು ವರ್ಷ ಮೊಳಕೆ ಶಕ್ತಿ ಇರುತ್ತದೆ.

ಕೆಮ್ಮಣ್ಣು (ಮಾಲೂರು), ಜನವರಿ 25

ಅದೇ ಜಾಗ ಬೇಡ. ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೂರು ವರ್ಷ ಬಿಟ್ಟು ಬನ್ನಿ, ಅಲ್ಲಿಯವರೆಗೆ ಹಿತ್ತಲ ಬೇರೆ ಮೂಲೆ ನೋಡಿ. ಕೊಯ್ಲು ಮುಗಿದ ಮೇಲೆ ಗಿಡವನ್ನು ಕೀಳಬೇಡಿ, ಬುಡಕ್ಕೆ ಕತ್ತರಿಸಿ, ಬೇರು ಮಣ್ಣಲ್ಲೇ ಕೊಳೆಯಲಿ. ಸೊರಗಿದ ಗಿಡ ಇದ್ದರೆ ಅದನ್ನು ಮಾತ್ರ ಬೇರು ಸಮೇತ ಕಿತ್ತು ಸುಟ್ಟುಬಿಡಿ. ಫೆಬ್ರವರಿಯಲ್ಲಿ ಆ ಮಡಿಗೆ ಹರಿವೆ ಸೊಪ್ಪು ಹಾಕಿ. ಗೊಬ್ಬರ ಕಡಿಮೆ ಸಾಕು.

ಸೊಗಡು (ದೇವನಹಳ್ಳಿ), ಜನವರಿ 26

ಅದರ ಪಕ್ಕದಲ್ಲಿ ಜೂನಿಗೆ ಎರಡು ಸಾಲು ಅವರೆಗೂ ಜಾಗ ಇಟ್ಟುಕೊಳ್ಳಿ. ಬೀಜ ಬೇಕಿದ್ದರೆ ಹೇಳಿ, ನಮ್ಮ ಮನೆಯ ನಾಟಿ ತಳಿ ಕಳಿಸಿಕೊಡುತ್ತೇನೆ.